ಬರಹಕ್ಕಿಳಿದ ಹಾಡು: ಡೆಲ್ಗಮೂಕ್ ತೀರ್ಪನ್ನು ತರಗತಿಯಲ್ಲಿ ಓದುವ ಬಗೆ

ಕೆನಡಾದ ಸತ್ಯ ಮತ್ತು ಸಾಮರಸ್ಯ ಆಯೋಗವು 2015ರಲ್ಲಿ ಮುಂದಿಟ್ಟ 94 ಕರೆಗಳಲ್ಲಿ 28ನೆಯದು ಕಾನೂನು ಶಾಲೆಗಳಿಗೆ ಸಂಬಂಧಿಸಿದ್ದು. ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಯೂ ಮೂಲನಿವಾಸಿಗಳು ಮತ್ತು ಕಾನೂನು ಎಂಬ ವಿಷಯದ ಕೋರ್ಸೊಂದನ್ನು ಕಡ್ಡಾಯವಾಗಿ ಓದಬೇಕು, ಅದರಲ್ಲಿ ವಸತಿ ಶಾಲೆಗಳ ಇತಿಹಾಸ, ಒಪ್ಪಂದಗಳು ಮತ್ತು ವಿಶ್ವಸಂಸ್ಥೆಯ ಘೋಷಣೆಯ ಜೊತೆಗೆ ಮೂಲನಿವಾಸಿಗಳದೇ ಆದ ಕಾನೂನೂ ಇರಬೇಕು ಎಂಬುದು ಅದರ ಆಶಯ. ಇಂತಹ ಕೋರ್ಸುಗಳು ಬಹುಮಟ್ಟಿಗೆ ತಪ್ಪದೆ ಮುಟ್ಟುವ ಒಂದು ಪಠ್ಯವಿದೆ: ಕೆನಡಾದ ಸರ್ವೋಚ್ಚ ನ್ಯಾಯಾಲಯವು 1997ರ ಡಿಸೆಂಬರ್ 11ರಂದು ನೀಡಿದ ಡೆಲ್ಗಮೂಕ್ ತೀರ್ಪು. ಮೌಖಿಕ ಪರಂಪರೆಗೆ ನ್ಯಾಯಾಲಯದ ಬಾಗಿಲು ತೆರೆದ ತೀರ್ಪೆಂದು ಅದನ್ನು ಕಲಿಸಲಾಗುತ್ತದೆ. ಅದು ಸುಳ್ಳಲ್ಲ. ಆದರೆ ಯಾವ ಬಾಗಿಲು ತೆರೆಯಿತು, ಒಳಗೆ ಬಂದವರನ್ನು ಎಲ್ಲಿ ಕೂರಿಸಲಾಯಿತು ಎಂಬ ಪ್ರಶ್ನೆಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಕೇಳಬೇಕಾಗಿದೆ. ತೀರ್ಪನ್ನು ಮಾತ್ರ ಓದುವ ತರಗತಿಯಲ್ಲಿ ಆ ಪ್ರಶ್ನೆ ಹುಟ್ಟುವುದು ಕಷ್ಟ.

ಮೊಕದ್ದಮೆಯ ಹಿನ್ನೆಲೆ ಹೀಗಿದೆ. ಬ್ರಿಟಿಷ್ ಕೊಲಂಬಿಯಾದ ವಾಯವ್ಯ ಭಾಗದಲ್ಲಿ ವಾಸಿಸುವ ಗಿಟ್‌ಕ್ಸನ್ ಮತ್ತು ವೆಟ್‌ಸುವೆಟೆನ್ ಸಮುದಾಯಗಳ ವಂಶಪಾರಂಪರ್ಯ ಮುಖ್ಯಸ್ಥರು ಸುಮಾರು 58,000 ಚದರ ಕಿಲೋಮೀಟರ್ ನೆಲದ ಮೇಲಿನ ಒಡೆತನ ಮತ್ತು ಆಡಳಿತಾಧಿಕಾರವನ್ನು ಪ್ರತಿಪಾದಿಸಿ 1984ರಲ್ಲಿ ದಾವೆ ಹೂಡಿದರು. 1987ರ ಮೇ ತಿಂಗಳಲ್ಲಿ ಸ್ಮಿದರ್ಸ್ ಎಂಬ ಪಟ್ಟಣದಲ್ಲಿ ವಿಚಾರಣೆ ಆರಂಭವಾಯಿತು. ವಾದ ಮತ್ತು ಸಾಕ್ಷ್ಯ ಎರಡೂ ಸೇರಿ 374 ದಿನಗಳ ಕಲಾಪ. ಮುಖ್ಯಸ್ಥರು ತಮ್ಮ ಒಡೆತನಕ್ಕೆ ಆಧಾರವಾಗಿ ಮುಂದಿಟ್ಟದ್ದು ಗಿಟ್‌ಕ್ಸನ್ನರ ‘ಅದಾವ್ಕ್’ ಮತ್ತು ವೆಟ್‌ಸುವೆಟೆನ್ನರ ‘ಕುಂಗಹ್’. ಇವನ್ನು ಪುರಾಣ, ಐತಿಹ್ಯ, ವಂಶಾವಳಿ ಎಂದು ನಮ್ಮ ಜಾನಪದ ವಿಂಗಡಣೆಗಳಲ್ಲಿ ಯಾವುದಾದರೊಂದರ ಕೆಳಗೆ ಸೇರಿಸಿದರೆ ಅರ್ಧ ಅರ್ಥವಷ್ಟೇ ದಕ್ಕುತ್ತದೆ. ಅದಾವ್ಕ್ ಒಂದು ಮನೆತನದ ಸ್ವತ್ತು. ಆ ಮನೆತನ ಎಲ್ಲಿಂದ ಬಂತು, ಯಾವ ನದಿಯ ಯಾವ ತಿರುವಿನಲ್ಲಿ ನೆಲೆ ನಿಂತಿತು, ಯಾವ ಲಾಂಛನವನ್ನು ಪಡೆಯಿತು, ಯಾರ ಸಾವಿನಲ್ಲಿ ಯಾವ ಹಾಡು ಹುಟ್ಟಿತು ಎಂಬುದೆಲ್ಲ ಅದರಲ್ಲಿದೆ. ಅದನ್ನು ಹೇಳುವ ಹಕ್ಕು ಎಲ್ಲರಿಗೂ ಇಲ್ಲ, ಹೇಳುವ ಜಾಗವೂ ನಿಗದಿಯಾದದ್ದು: ಮುಖ್ಯಸ್ಥನೊಬ್ಬ ಹೆಸರು ಪಡೆಯುವಾಗ, ಸತ್ತಾಗ ನಡೆಯುವ ಔತಣದ ಸಭೆ. ಬೇರೆ ಮನೆತನಗಳ ಮುಖ್ಯಸ್ಥರು ಅಲ್ಲಿ ಅತಿಥಿಗಳಾಗಿ ಕುಳಿತು ಕೇಳುತ್ತಾರೆ, ತಪ್ಪಿದ್ದರೆ ಆಕ್ಷೇಪಿಸಬಲ್ಲರು, ಕೇಳಿದ್ದಕ್ಕೆ ಸಾಕ್ಷಿಗಳಾಗಿ ಉಡುಗೊರೆ ಪಡೆಯುತ್ತಾರೆ. ಅಂದರೆ ಅದಾವ್ಕ್ ಹೇಳುವ ಸಭೆಯೇ ಒಂದು ನ್ಯಾಯಸ್ಥಾನ. ಮುಖ್ಯಸ್ಥರು ಒಂದು ನ್ಯಾಯಸ್ಥಾನದಲ್ಲಿ ಇತ್ಯರ್ಥವಾಗಿದ್ದ ಸಂಗತಿಯನ್ನು ಇನ್ನೊಂದು ನ್ಯಾಯಸ್ಥಾನಕ್ಕೆ ತಂದಿದ್ದರು.

ಈ ಮೊಕದ್ದಮೆಯ ಬಗ್ಗೆ ಬರೆದವರೆಲ್ಲ ಒಂದು ಪ್ರಸಂಗವನ್ನು ನೆನೆಯುತ್ತಾರೆ. ಆಂಟ್‌ಗುಲಿಲಿಬಿಕ್ಸ್ ಎಂಬ ಮುಖ್ಯಸ್ಥ ನಾಮ ಹೊತ್ತಿದ್ದ ಮೇರಿ ಜಾನ್ಸನ್ ತಮ್ಮ ಅದಾವ್ಕ್‌ನ ಭಾಗವಾದ ಶೋಕಗೀತೆಯೊಂದನ್ನು ಕಟಕಟೆಯಲ್ಲಿ ಹಾಡಲು ಮುಂದಾದರು. ಮುಖ್ಯ ನ್ಯಾಯಾಧೀಶ ಅಲನ್ ಮೆಕೆಕರ್ನ್ ಅದನ್ನು ಹಾಡಬೇಕಾದ ಅಗತ್ಯವೇನು, ಸಾಹಿತ್ಯವನ್ನು ಬರೆದುಕೊಟ್ಟರೆ ಸಾಲದೇ ಎಂದು ಕೇಳಿದರು. ತಮ್ಮದು ತಗಡಿನ ಕಿವಿ, ತಮ್ಮೆದುರು ಹಾಡಿ ಪ್ರಯೋಜನವಿಲ್ಲ ಎಂಬರ್ಥದ ಮಾತನ್ನೂ ಆಡಿದರು. ಕೊನೆಗೆ ಆಕೆ ಹಾಡಿದರು. ಕಲಾಪವನ್ನು ಚಿತ್ರಿಸುತ್ತಿದ್ದ ಡಾನ್ ಮೋನೆಟ್ ಎಂಬ ವ್ಯಂಗ್ಯಚಿತ್ರಕಾರ ಆ ತಗಡಿನ ಕಿವಿಗೆ ಡಬ್ಬಿ ತೆರೆಯುವ ಸಲಕರಣೆಯೊಂದನ್ನು ಚಿತ್ರದಲ್ಲಿ ಒದಗಿಸಿಕೊಟ್ಟ.

ಪ್ರಸಂಗ ಸೊಗಸಾಗಿದೆ, ತರಗತಿಯಲ್ಲಿ ನಗು ಉಕ್ಕಿಸುತ್ತದೆ. ಆದರೆ ವಿಮರ್ಶೆಯಲ್ಲಿ ಅದಕ್ಕೆ ದೊರೆತಿರುವ ಜಾಗ ಅತಿಯಾಯಿತು ಎಂದೇ ನನಗೆ ಅನ್ನಿಸುತ್ತದೆ. ಒಬ್ಬ ನ್ಯಾಯಾಧೀಶನ ಕಿವಿಯ ಮೇಲೆ ಹೊಣೆ ಹೊರಿಸಿದರೆ, ಕಿವಿ ಚೆನ್ನಾಗಿರುವ ನ್ಯಾಯಾಧೀಶ ಬಂದ ಕೂಡಲೇ ಸಮಸ್ಯೆ ಬಗೆಹರಿದಂತಾಗುತ್ತದೆ. ಮೆಕೆಕರ್ನ್ ಬರೆದುಕೊಡಿ ಎಂದು ಕೇಳಿದ್ದು ಒರಟುತನವಿರಬಹುದು, ಆದರೆ ಅದು ನ್ಯಾಯಾಲಯದ ಕಡತ ಕೇಳುವುದನ್ನೇ ಕೇಳಿದ್ದು. ನಡಾವಳಿಯನ್ನು ಬರೆದುಕೊಳ್ಳುವ ಲಿಪಿಕಾರನ ಯಂತ್ರಕ್ಕೆ ಮಾತು ಬೇಕು, ಅದೂ ಅಕ್ಷರಕ್ಕೆ ಇಳಿಯುವ ಮಾತು. ಮೇಲ್ಮನವಿಯ ನ್ಯಾಯಾಲಯ ಸಾಕ್ಷಿಯನ್ನು ನೋಡುವುದಿಲ್ಲ, ಕಡತವನ್ನು ಓದುತ್ತದೆ. ಹಾಗಾಗಿ 1997ರಲ್ಲಿ ಆ ಹಾಡಿನ ಪರವಾಗಿ ನಿಂತ ನ್ಯಾಯಮೂರ್ತಿಗಳು ಯಾರೂ ಅದನ್ನು ಕೇಳಿದವರಲ್ಲ. ಕೇಳಿದ ಒಬ್ಬನೇ ನ್ಯಾಯಾಧೀಶ ಅದಕ್ಕೆ ಕಿವುಡಾಗಿದ್ದವನು. ಈ ವಿಪರ್ಯಾಸವನ್ನು ಡಬ್ಬಿ ತೆರೆಯುವ ಸಲಕರಣೆಯ ನಗೆಯಲ್ಲಿ ಕಳೆದುಕೊಳ್ಳಬಾರದು.

1991ರ ಮಾರ್ಚ್ 8ರ ಮೆಕೆಕರ್ನ್ ತೀರ್ಪು ಮುಖ್ಯಸ್ಥರ ವಿರುದ್ಧವಾಗಿತ್ತು. ಲಿಪಿಯಿಲ್ಲ, ಕುದುರೆಯಿಲ್ಲ, ಗಾಲಿಯ ಬಂಡಿಯಿಲ್ಲ ಎಂದು ಪೂರ್ವಜರ ಕೊರತೆಗಳನ್ನು ಪಟ್ಟಿ ಮಾಡಿ, ಹದಿನೇಳನೆಯ ಶತಮಾನದ ಹಾಬ್ಸ್‌ನ ಪ್ರಸಿದ್ಧ ವಿಶೇಷಣಗಳನ್ನು ಅವರ ಬದುಕಿಗೆ ಅಂಟಿಸಿದ ಆ ಭಾಗವನ್ನು ಈಗ ಯಾರೂ ಸಮರ್ಥಿಸುವುದಿಲ್ಲ. ಅದಕ್ಕಿಂತ ಎಚ್ಚರದಿಂದ ಓದಬೇಕಾದ್ದು ಸಾಕ್ಷ್ಯದ ತೂಕದ ಬಗೆಗಿನ ಅವರ ತರ್ಕ. ಅದಾವ್ಕ್‌ಗಳು ಪುರಾಣದೊಂದಿಗೆ ಬೆರೆತಿವೆ, ಅವು ಆಯಾ ಸಮುದಾಯದೊಳಗೇ ಉಳಿದಿವೆ, ನೆಲದ ಬಳಕೆಯ ವಿವರ ಸಾಲದು, ಹಾಗಾಗಿ ಬೇರೆ ಪುರಾವೆಯನ್ನು ಸಮರ್ಥಿಸಬಲ್ಲವೇ ಹೊರತು ಸ್ವತಂತ್ರವಾಗಿ ನಿಲ್ಲಲಾರವು ಎಂಬುದು ಸಾರಾಂಶ. ಸಮುದಾಯದೊಂದಿಗೆ ವಾಸವಿದ್ದು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞರ ಸಾಕ್ಷ್ಯವನ್ನೂ, ಅವರು ಫಿರ್ಯಾದಿಗಳಿಗೆ ತೀರ ಹತ್ತಿರದವರೆಂಬ ಕಾರಣಕ್ಕೆ, ಅವರು ಬದಿಗಿಟ್ಟರು. ಹತ್ತಿರವಿದ್ದವನು ಪಕ್ಷಪಾತಿ, ದೂರವಿದ್ದವನು ತಿಳಿಯದವನು. ಹಾಗಾದರೆ ಸಾಕ್ಷಿ ಹೇಳಬಲ್ಲವನು ಯಾರು?

ಅದಾವ್ಕ್‌ನ ವಿವರ ಸಾಲದು ಎಂದ ರಾಜ್ಯವೇ ಅದನ್ನು ಹೇಳುವ ಜಾಗವನ್ನು ಮುಚ್ಚಿಸಿತ್ತೆಂಬುದನ್ನು ಮರೆಯುವಂತಿಲ್ಲ. ಪಾಟ್‌ಲ್ಯಾಚ್ ಎಂಬ ಹೆಸರಿನಿಂದ ಹೊರಗಿನವರು ಕರೆದ ಔತಣಸಭೆಗಳನ್ನು 1884ರ ತಿದ್ದುಪಡಿಯ ಮೂಲಕ ಕೆನಡಾ ಅಪರಾಧವನ್ನಾಗಿಸಿತು. ನಿಷೇಧ ಕಾನೂನಿನಿಂದ ತೊಲಗಿದ್ದು 1951ರಲ್ಲಿ. 1927ರಿಂದ 1951ರವರೆಗೆ ಭೂಮಿಯ ಹಕ್ಕಿನ ಮೊಕದ್ದಮೆಗಾಗಿ ಹಣ ಎತ್ತುವುದೂ ನಿಷಿದ್ಧವಾಗಿತ್ತು. ಮೂರು ತಲೆಮಾರುಗಳ ಕಾಲ ಒಂದು ನ್ಯಾಯಸ್ಥಾನವನ್ನು ಮುಚ್ಚಿ, ಆಮೇಲೆ ಅಲ್ಲಿನ ದಾಖಲೆ ದುರ್ಬಲವಾಗಿದೆಯೆಂದು ಹೇಳಿದ ಹಾಗಾಯಿತು. ಕೋರ್ಸಿನಲ್ಲಿ ನಿಷೇಧದ ಇತಿಹಾಸ ಒಂದು ವಾರದ ಪಾಠ, ಸಾಕ್ಷ್ಯದ ಕಾನೂನು ಇನ್ನೊಂದು ವಾರದ ಪಾಠ ಆಗಿಬಿಟ್ಟರೆ ಇವೆರಡರ ನಡುವಿನ ಈ ನಂಟು ಕೈತಪ್ಪುತ್ತದೆ.

ಮೆದೀಕ್ ಎಂಬ ಅತಿಮಾನುಷ ಕರಡಿಯ ಅದಾವ್ಕ್ ಇನ್ನೂ ತೊಡಕಿನ ಉದಾಹರಣೆ. ಸೀಲಿ ಸರೋವರದ ಬಳಿಯಿಂದ ಎದ್ದು ಕಾಡನ್ನು ಕೆಡವುತ್ತ ಬಂದ ಆ ಕರಡಿಯ ಕಥೆಗೆ ಪೂರಕವಾಗಿ, ಅದೇ ಜಾಗದಲ್ಲಿ ಸುಮಾರು 3,500 ವರ್ಷಗಳ ಹಿಂದೆ ದೊಡ್ಡ ಭೂಕುಸಿತ ನಡೆದಿತ್ತೆಂಬ ಭೂವಿಜ್ಞಾನದ ಸಾಕ್ಷ್ಯವನ್ನು ಮುಂದಿಡಲಾಯಿತು. ಫಿರ್ಯಾದಿಗಳ ವಕೀಲರಿಗೆ ಇದು ಬೇಕಾಗಿತ್ತು, ತಪ್ಪೇನೂ ಇಲ್ಲ. ವಿಮರ್ಶಕರು ಮಾತ್ರ ಇದನ್ನು ಸಂಭ್ರಮದಿಂದ ಉದ್ಧರಿಸುವಾಗ ಸ್ವಲ್ಪ ತಡೆಯಬೇಕು. ಸರೋವರದ ತಳದ ಕೆಸರು ಒಪ್ಪಿದ್ದರಿಂದ ಕಥೆ ನಿಜವಾಯಿತು ಎನ್ನುವುದಾದರೆ, ಕೆಸರಿನಲ್ಲಿ ಗುರುತು ಬಿಡದ ಕಥೆಗಳ ಗತಿಯೇನು? ಕರಡಿಯನ್ನು ಭೂಕುಸಿತವೆಂದು ಅನುವಾದಿಸಿದ ಕ್ಷಣವೇ ಕರಡಿಯೊಂದಿಗೆ ಆ ಮನೆತನಕ್ಕಿರುವ ಋಣ, ಲಾಂಛನ, ಹಕ್ಕು ಎಲ್ಲ ಅನುವಾದದ ಹೊರಗೆ ಉಳಿದವು.

ಇನ್ನು 1997ರ ತೀರ್ಪು. ಮುಖ್ಯ ನ್ಯಾಯಮೂರ್ತಿ ಆಂಟೋನಿಯೊ ಲಾಮೇರ್ ಮೌಖಿಕ ಇತಿಹಾಸವನ್ನು ಲಿಖಿತ ದಾಖಲೆಗಳಿಗೆ ಸರಿಸಮವಾಗಿ ಪರಿಗಣಿಸಬೇಕೆಂದರು. ಮೆಕೆಕರ್ನ್ ಒಡ್ಡಿದ ಕಾರಣಗಳನ್ನು ಒಪ್ಪಿದರೆ ಎಲ್ಲ ಮೌಖಿಕ ಪರಂಪರೆಗಳೂ ಸದಾ ಕಡಿಮೆ ಬೆಲೆಗೇ ಬೀಳುತ್ತವೆಂದು ತಿಳಿಸಿ ಹೊಸ ವಿಚಾರಣೆಗೆ ಆದೇಶಿಸಿದರು. ಆ ವಿಚಾರಣೆ ನಡೆಯಲೇ ಇಲ್ಲ. ತತ್ವ ಗೆದ್ದಿತು, ನೆಲದ ಬಗ್ಗೆ ಘೋಷಣೆ ಸಿಗಲಿಲ್ಲ. ಅಂತಹ ಘೋಷಣೆ ಮೊದಲ ಬಾರಿಗೆ ಸಿಕ್ಕಿದ್ದು 2014ರಲ್ಲಿ, ಬೇರೊಂದು ಸಮುದಾಯವಾದ ತ್ಸಿಲ್‌ಕೊಟಿನ್ನರಿಗೆ. ಡೆಲ್ಗಮೂಕ್‌ನಲ್ಲಿ ನಾವು ಗಮನಿಸಬೇಕಾದ ಶಬ್ದ ‘ಸಾಕ್ಷ್ಯ’. ಮುಖ್ಯಸ್ಥರು ಅದಾವ್ಕ್ ಅನ್ನು ತಮ್ಮ ಕಾನೂನೆಂದು ತಂದಿದ್ದರು. ಸರ್ವೋಚ್ಚ ನ್ಯಾಯಾಲಯ ಅದನ್ನು ಗೌರವದಿಂದ ಸಾಕ್ಷ್ಯವೆಂದು ಸ್ವೀಕರಿಸಿತು. ತೌಲನಿಕ ಸಾಹಿತ್ಯದ ಪರಿಭಾಷೆಯಲ್ಲಿ ಇದು ಪ್ರಕಾರಾಂತರ. ನಮ್ಮ ಸಂವಿಧಾನವನ್ನು ಇನ್ನೊಂದು ದೇಶದ ನ್ಯಾಯಾಲಯವು ‘ಈ ಜನ ಹೀಗೆ ನಂಬಿದ್ದರು ಎಂಬುದಕ್ಕೆ ಉತ್ತಮ ಪುರಾವೆ’ ಎಂದು ಸ್ವೀಕರಿಸಿದರೆ ಹೇಗಿರುತ್ತದೆಯೋ ಹಾಗೆ.

ಇದು ಪದದ ಮೇಲಿನ ಜಗಳವಲ್ಲ ಎಂಬುದಕ್ಕೆ 2019ರ ಡಿಸೆಂಬರ್ 31ರ ಆದೇಶವೇ ಸಾಕು. ಅದೇ ವೆಟ್‌ಸುವೆಟೆನ್ ನೆಲದಲ್ಲಿ ಕೋಸ್ಟಲ್ ಗ್ಯಾಸ್‌ಲಿಂಕ್ ಅನಿಲ ಕೊಳವೆ ಮಾರ್ಗವನ್ನು ತಡೆದವರ ವಿರುದ್ಧ ಬ್ರಿಟಿಷ್ ಕೊಲಂಬಿಯಾದ ನ್ಯಾಯಾಲಯ ಪ್ರತಿಬಂಧಕಾಜ್ಞೆ ನೀಡಿತು. ಮೂಲನಿವಾಸಿಗಳ ಸಾಂಪ್ರದಾಯಿಕ ಕಾನೂನು ಒಪ್ಪಂದ, ಶಾಸನ ಅಥವಾ ನ್ಯಾಯಾಲಯದ ಘೋಷಣೆಯಂತಹ ಯಾವುದಾದರೊಂದು ವಿಧಾನದಿಂದ ಮಾನ್ಯತೆ ಪಡೆಯುವವರೆಗೆ ಕೆನಡಾದ ಕಾನೂನಿನ ಭಾಗವಾಗುವುದಿಲ್ಲ, ಅಲ್ಲಿಯವರೆಗೆ ಅದು ಮೂಲನಿವಾಸಿಗಳ ದೃಷ್ಟಿಕೋನಕ್ಕೆ ಪುರಾವೆ ಮಾತ್ರ ಎಂಬುದು ಅದರ ನಿಲುವು. ಡೆಲ್ಗಮೂಕ್‌ನಲ್ಲಿ ಅರೆಬರೆ ಉಳಿದ ಪ್ರಶ್ನೆಯ ಮೇಲೆ 2020ರ ಫೆಬ್ರವರಿಯಲ್ಲಿ ಪೊಲೀಸರು ನಡೆದುಹೋದರು. ದೇಶದುದ್ದಕ್ಕೂ ರೈಲುಮಾರ್ಗಗಳು ತಡೆಗೊಂಡವು.

ಸಾಹಿತ್ಯದ ಕಡೆಯಿಂದ ಈ ವಿಷಯವನ್ನು ಮುಟ್ಟಿದವರಲ್ಲಿ ಪ್ರಮುಖರು ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮತ್ತು ತೌಲನಿಕ ಸಾಹಿತ್ಯ ಕಲಿಸಿದ ಜೆ. ಎಡ್ವರ್ಡ್ ಚೇಂಬರ್ಲಿನ್. 2003ರ ಅವರ ಕೃತಿಯ ಶೀರ್ಷಿಕೆಯೇ ಒಬ್ಬ ಗಿಟ್‌ಕ್ಸನ್ ಹಿರಿಯ ಸರ್ಕಾರಿ ಅರಣ್ಯಾಧಿಕಾರಿಗಳಿಗೆ ಹಾಕಿದ ಪ್ರಶ್ನೆ: ಈ ನೆಲ ನಿಮ್ಮದಾದರೆ ನಿಮ್ಮ ಕಥೆಗಳೆಲ್ಲಿ ಎಂದು. ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದ ಹಿರಿಯ, ಬಳಿಕ ತನ್ನ ಭಾಷೆಗೆ ಹೊರಳಿ ಒಂದು ಕಥೆ ಹೇಳಿದನಂತೆ. ಚೇಂಬರ್ಲಿನ್ ಓದಿಸಿಕೊಂಡು ಹೋಗುವ, ಉದಾರ ಮನಸ್ಸಿನ ಲೇಖಕರು. ಎಲ್ಲ ಸಮುದಾಯಗಳೂ ಕಥೆಗಳಿಂದಲೇ ನೆಲೆ ಕಟ್ಟಿಕೊಳ್ಳುತ್ತವೆಂಬ ಅವರ ಮಾತನ್ನು ಅಲ್ಲಗಳೆಯಬೇಕಿಲ್ಲ. ಆದರೆ ಆ ಸಾಮಾನ್ಯ ನೆಲೆಗೆ ಅವರು ಬೇಗನೆ ತಲುಪಿಬಿಡುತ್ತಾರೆ. ಶೀರ್ಷಿಕೆಯಾಗಿ ಲೋಕವೆಲ್ಲ ಸುತ್ತಿದ್ದು ಇಂಗ್ಲಿಷಿನ ಪ್ರಶ್ನೆ. ಗಿಟ್‌ಕ್ಸನ್ ಭಾಷೆಯ ಉತ್ತರ ಸಭೆಯಲ್ಲೇ ಉಳಿಯಿತು. ಕಥೆಗಳೆಲ್ಲವೂ ಸಮಾನ ಎಂಬ ಸಹೃದಯತೆಯು, ಒಂದು ಕಥೆ ಕಾನೂನಾಗಿಯೂ ಇರಬಲ್ಲದೆಂಬ ಒರಟು ವಾದವನ್ನು ಮೆದುವಾಗಿಸುತ್ತದೆ.

ಇಷ್ಟು ದೂರದ ಮೊಕದ್ದಮೆಯನ್ನು ಈ ಪತ್ರಿಕೆಯಲ್ಲಿ ಚರ್ಚಿಸಲು ಕಾರಣ ಒಂದು ಪದಪುಂಜ. 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ 2008ರಲ್ಲಿ ಜಾರಿಗೆ ಬಂದ ನಿಯಮಗಳ 13ನೆಯ ನಿಯಮವು ಹಕ್ಕು ಸಾಬೀತಿಗೆ ಸಲ್ಲುವ ಪುರಾವೆಗಳನ್ನು ಹೆಸರಿಸುತ್ತದೆ. ಸರ್ಕಾರಿ ದಾಖಲೆ, ಮನೆ, ಬದು, ಸಮಾಧಿ, ಪವಿತ್ರ ಮರ ಇವುಗಳ ಸಾಲಿನಲ್ಲಿ ಹಕ್ಕುದಾರರಲ್ಲದ ಹಿರಿಯರ ಹೇಳಿಕೆಯೂ ಇದೆ, ಆದರೆ ಅದು ‘ಬರಹಕ್ಕೆ ಇಳಿಸಿದ್ದು’ ಆಗಿರಬೇಕು. ಇಂಗ್ಲಿಷ್ ಕಾನೂನು ಭಾಷೆಯ ಈ ನುಡಿಗಟ್ಟಿನಲ್ಲಿರುವ ಕುಗ್ಗಿಸುವ ಅರ್ಥ ಕನ್ನಡದ ‘ಇಳಿಸು’ ಧಾತುವಿನಲ್ಲೂ ಸದ್ದಿಲ್ಲದೆ ಕೂತಿರುವುದು ಕಾಕತಾಳೀಯವಿರಬಹುದು. ಅದೇ ನಿಯಮವು ಒಂದಕ್ಕಿಂತ ಹೆಚ್ಚು ಪುರಾವೆಗಳನ್ನು ಪರಿಗಣಿಸಬೇಕೆಂದೂ ಹೇಳುತ್ತದೆ. ಹಾಗಾಗಿ ಹಿರಿಯರ ಮಾತು ಒಂಟಿಯಾಗಿ ನಿಲ್ಲಲಾರದು, ಇನ್ನೊಂದರ ತೋಳು ಹಿಡಿದೇ ನಡೆಯಬೇಕು. ಲಾಮೇರ್ ತಳ್ಳಿಹಾಕಿದ ಮೆಕೆಕರ್ನ್ ತರ್ಕದ ಒಂದು ಸೌಮ್ಯ ರೂಪ ನಮ್ಮ ನಿಯಮಾವಳಿಯಲ್ಲಿ ಇದೆ ಎಂದರೆ ಅತಿಶಯೋಕ್ತಿಯಾಗಲಾರದು.

ಆದರೂ ನಮ್ಮ ಕಾಯ್ದೆ ಕೆನಡಾದ ತೀರ್ಪಿಗಿಂತ ಒಂದು ಹೆಜ್ಜೆ ಮುಂದಿದೆ, ಮತ್ತು ಇಲ್ಲಿಯ ಕೋರ್ಸುಗಳು ಅದನ್ನು ಸಾಕಷ್ಟು ಒತ್ತಿ ಹೇಳುವುದಿಲ್ಲ. ಹಕ್ಕಿನ ಪ್ರಕ್ರಿಯೆ ಆರಂಭವಾಗುವುದು ಗ್ರಾಮಸಭೆಯಲ್ಲಿ. ಹಿರಿಯನ ಮಾತನ್ನು ಮೊದಲು ಕೇಳುವವರು ಅದನ್ನು ಅಲ್ಲಿಯೇ ತಿದ್ದಬಲ್ಲ ನೆರೆಯವರು. ಔತಣದ ಸಭೆಯ ಅತಿಥಿಗಳಂತೆ. ನಿಯಮಗಿರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 18ರಂದು ಪ್ರಶ್ನೆಯನ್ನು ಗ್ರಾಮಸಭೆಗಳಿಗೇ ಒಯ್ಯಬೇಕೆಂದಾಗ, ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧಿಕಾರಿಯ ಸಮ್ಮುಖದಲ್ಲಿ ಸೇರಿದ 12 ಪಳ್ಳಿಸಭೆಗಳೂ ಗಣಿಗಾರಿಕೆಯನ್ನು ತಿರಸ್ಕರಿಸಿದವು. ಅಲ್ಲಿ ಬೆಟ್ಟದ ದೈವದ ಬಗ್ಗೆ ಡೋಂಗ್ರಿಯಾ ಕಂಧರು ಆಡಿದ ಮಾತು ಇನ್ನೊಬ್ಬರ ತೀರ್ಮಾನಕ್ಕೆ ಪುರಾವೆಯಾಗಿರಲಿಲ್ಲ, ತೀರ್ಮಾನವೇ ಆಗಿತ್ತು. ಸಾಮಾನ್ಯ ಹಕ್ಕುಪತ್ರದ ಅರ್ಜಿಗಳಲ್ಲಿ ಹಾಗಾಗುವುದಿಲ್ಲ. ಗ್ರಾಮಸಭೆಯ ಠರಾವು ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಏರುತ್ತದೆ. ಏರಿದಂತೆಲ್ಲ ಮಾತು ತೆಳುವಾಗಿ ಕಡತ ದಪ್ಪವಾಗುತ್ತದೆ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ತಿರಸ್ಕೃತ ಅರ್ಜಿದಾರರನ್ನು ತೆರವುಗೊಳಿಸುವಂತೆ ಹೇಳಿ, ಅದೇ 28ರಂದು ಆ ಆದೇಶಕ್ಕೆ ತಡೆ ನೀಡಿದಾಗ, ತಿರಸ್ಕೃತ ಅರ್ಜಿಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿತ್ತು. ಅವುಗಳಲ್ಲಿ ಎಷ್ಟು ಹಿರಿಯರ ಹೇಳಿಕೆಗಳು ಇಳಿಕೆಯಲ್ಲೇ ಕಳೆದುಹೋದವು ಎಂಬುದು ಕಾನೂನಿನ ಪ್ರಶ್ನೆಯಾದಷ್ಟೇ ಅನುವಾದದ ಪ್ರಶ್ನೆ.

ಗಡಿನಾಡಿನಲ್ಲಿ ಈ ಅನುವಾದ ಇಮ್ಮಡಿಯಾಗುತ್ತದೆ. ತಾಳವಾಡಿ ಮತ್ತು ಸತ್ಯಮಂಗಲದ ಕಾಡಿನ ಸೋಲಿಗರು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ‘ಸೋಲಿಗರು’, ತಮಿಳುನಾಡಿನ ಪಟ್ಟಿಯಲ್ಲಿ ‘ಷೋಳಗ’. ಹಿರಿಯನ ಮಾತು ಸೋಲಿಗರ ನುಡಿಯಲ್ಲಿ, ಅರ್ಜಿ ತಮಿಳಿನಲ್ಲಿ, ಉಚ್ಚ ನ್ಯಾಯಾಲಯದವರೆಗೆ ಹೋದರೆ ಕಲಾಪ ಇಂಗ್ಲಿಷಿನಲ್ಲಿ. 350ಎ ಮತ್ತು 350ಬಿ ವಿಧಿಗಳನ್ನು ಈ ಪತ್ರಿಕೆಯ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಅಷ್ಟಾಗಿ ಚರ್ಚೆಗೆ ಬರದ 350ನೆಯ ವಿಧಿಯು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ನೀಡುತ್ತದೆ. ಅಧಿಕೃತ ಭಾಷೆ ಎನ್ನುವುದಿಲ್ಲ, ಬಳಕೆಯ ಭಾಷೆ ಎನ್ನುತ್ತದೆ. ಅಹವಾಲು ಸಾಕ್ಷ್ಯವಾದ ಕೂಡಲೇ ಔದಾರ್ಯ ಕಡಿಮೆಯಾಗುತ್ತದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 277ನೆಯ ಕಲಮು, ಸಾಕ್ಷಿ ನ್ಯಾಯಾಲಯದ ಭಾಷೆಯಲ್ಲದ ನುಡಿಯಲ್ಲಿ ಮಾತನಾಡಿದರೆ ಸಾಧ್ಯವಿದ್ದಲ್ಲಿ ಅದೇ ನುಡಿಯಲ್ಲಿ ಬರೆದುಕೊಳ್ಳಬಹುದು, ಇಲ್ಲವಾದರೆ ಅನುವಾದ ಸಾಕು ಎಂದಿತು. ‘ಸಾಧ್ಯವಿದ್ದಲ್ಲಿ’ ಎಂಬ ಆ ಒಂದು ಮಾತಿನಲ್ಲಿ ಎಷ್ಟು ನುಡಿಗಳು ಅಸಾಧ್ಯವಾಗಿವೆಯೋ.

ಇಲ್ಲಿ ನಮ್ಮ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗಡಿನಾಡ ಕನ್ನಡಿಗರ ಸಂಖ್ಯಾಬಲವನ್ನು ವಾದಿಸುವಾಗ ಸೋಲಿಗರನ್ನೂ ಜೇನುಕುರುಬರನ್ನೂ ನಾವು ಕನ್ನಡದ ಉಪಭಾಷೆಯವರೆಂದು ಎಣಿಸಿಕೊಳ್ಳುತ್ತೇವೆ. ನೀಲಗಿರಿಯ ಬಡಗವನ್ನು ಜನಗಣತಿಯೇ ಕನ್ನಡದ ಅಡಿಯಲ್ಲಿ ಸೇರಿಸಿಕೊಟ್ಟಿದೆ. ಭಾಷಾಶಾಸ್ತ್ರದ ನಂಟು ಇದ್ದೇ ಇದೆ. ಆದರೆ ಎಣಿಕೆಯಲ್ಲಿ ಕನ್ನಡವಾದ ನುಡಿಯು ಪಾಠಪಟ್ಟಿಯಲ್ಲಿ, ಅನುವಾದಕರ ಪಟ್ಟಿಯಲ್ಲಿ, ನಮ್ಮ ನಿಘಂಟುಗಳಲ್ಲಿ ಕನ್ನಡವಾಗಿ ಕಾಣಿಸುವುದಿಲ್ಲ. ಅಲ್ಪಸಂಖ್ಯಾತರೆಂಬ ನಮ್ಮ ಅಳಲಿನೊಳಗೆ ಅವರ ಬೇರೆಯ ಅಳಲನ್ನು ಮಡಚಿಡುವುದು ಮೆಕೆಕರ್ನ್ ಮಾಡಿದ್ದಕ್ಕಿಂತ ಹೆಚ್ಚು ನಯವಾದ ಕೆಲಸ, ಅಷ್ಟೆ.

ಸಾಹಿತ್ಯ ಇಲ್ಲಿ ಏನು ಮಾಡಬಲ್ಲದು? ವಕೀಲರೂ ಮಾನವಹಕ್ಕು ಹೋರಾಟಗಾರರೂ ಆದ ಎಸ್. ಬಾಲಮುರುಗನ್ 2004ರಲ್ಲಿ ಪ್ರಕಟಿಸಿದ ‘ಸೋಳಗರ್ ತೊಟ್ಟಿ’ ಎಂಬ ತಮಿಳು ಕಾದಂಬರಿ, ವೀರಪ್ಪನ್ ಬೇಟೆಯ ಕಾಲದಲ್ಲಿ ಈ ಜನ ಅನುಭವಿಸಿದ್ದನ್ನು ಹೇಳುತ್ತದೆ. ವಕೀಲನೊಬ್ಬನಿಗೆ ಪ್ರಮಾಣಪತ್ರ ಸಾಲದೆ ಕಾದಂಬರಿ ಬೇಕಾಯಿತು ಎಂಬುದು ಪಾಠಯೋಗ್ಯ ಸಂಗತಿ. ಅದನ್ನು ನ್ಯಾಯಮೂರ್ತಿ ಸದಾಶಿವ ಅವರ ವಿಚಾರಣಾ ಸಮಿತಿಯ ಕೆಲಸದೊಂದಿಗೆ ಇಟ್ಟು ಓದಿಸಿದರೆ, ಒಂದೇ ನೋವು ಎರಡು ಪ್ರಕಾರಗಳಲ್ಲಿ ಏನಾಗುತ್ತದೆಂದು ವಿದ್ಯಾರ್ಥಿಗಳು ತಾವೇ ಕಾಣಬಲ್ಲರು. ನನ್ನ ಸೂಚನೆ ಇಷ್ಟೇ: ಇಂತಹ ಕೋರ್ಸಿನಲ್ಲಿ ತೀರ್ಪುಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ, ಉಳಿದ ವೇಳೆಯನ್ನು ಕಡತಕ್ಕೆ ಕೊಡಬೇಕು. ಗ್ರಾಮಸಭೆಯ ಒಂದು ಠರಾವು, ಅದಕ್ಕೆ ಮೊದಲು ಆಡಿದ ಮಾತಿನ ಧ್ವನಿಮುದ್ರಣ, ಅದರ ಮೇಲೆ ಸಮಿತಿ ಬರೆದ ಷರಾ. ಇದನ್ನು ಕಾನೂನು ವಿಭಾಗವೊಂದೇ ಮಾಡಲಾರದು, ಸಾಹಿತ್ಯ ವಿಭಾಗವೊಂದೇ ಮಾಡಬಾರದು.

1872ರ ಸಾಕ್ಷ್ಯ ಅಧಿನಿಯಮದ 49ನೆಯ ಕಲಮಿನಲ್ಲಿ ಒಂದು ಕಿರುಬಾಗಿಲಿತ್ತು: ನಿರ್ದಿಷ್ಟ ಪ್ರದೇಶದಲ್ಲಿ ಅಥವಾ ನಿರ್ದಿಷ್ಟ ವರ್ಗದ ಜನರಲ್ಲಿ ಬಳಕೆಯಾಗುವ ಪದಗಳ ಅರ್ಥದ ಬಗ್ಗೆ ವಿಶೇಷ ತಿಳಿವಳಿಕೆಯುಳ್ಳವರ ಅಭಿಪ್ರಾಯ ಪ್ರಸ್ತುತವೆಂದು ಅದು ಒಪ್ಪಿತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ‘ಎಲ್ಲೆ’ ಎಂಬ ಪದವಿದೆ. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಇವೆಲ್ಲ ಸೇರಿದ ಕುಲದ ನೆಲೆ ಅದು. 2011ರಲ್ಲಿ ಅವರಿಗೆ ಸಮುದಾಯ ಹಕ್ಕುಪತ್ರ ದೊರೆಯುವ ಹಾದಿಯಲ್ಲಿ ಈ ತಾಣಗಳ ನಕ್ಷೆಗಳೂ ಪಾತ್ರ ವಹಿಸಿದವು. ಅದೇ ಪದ ಶಿಷ್ಟ ಕನ್ನಡದಲ್ಲಿ ಗಡಿ, ತಮಿಳಿನ ‘ಎಲ್ಲೈ’ಯಲ್ಲೂ ಗಡಿ, ನೋಂದಣಿ ಕಚೇರಿಯಲ್ಲಿ ನಾಲ್ಕು ದಿಕ್ಕಿನ ಚಕ್ಕುಬಂದಿ. ತಾಳವಾಡಿಯ ಹಿರಿಯನೊಬ್ಬ ನಾಳೆ ಸಮಿತಿಯೆದುರು ‘ಇದು ನಮ್ಮ ಎಲ್ಲೆ’ ಎಂದರೆ, ಬರೆದುಕೊಳ್ಳುವ ಗುಮಾಸ್ತನಿಗೆ ಯಾವ ಸಂದೇಹವೂ ಮೂಡದು. ಪದ ಅವನಿಗೆ ಗೊತ್ತಿರುವಂಥದ್ದೇ. ನಿಘಂಟು ತೆರೆದರೆ ನಮ್ಮದೂ ಅವನ ಪರವಾಗಿಯೇ ಸಾಕ್ಷಿ ನುಡಿಯುತ್ತದೆ.